ಎರಡು ಹೊಳೆಗಳ ನಡುವಿನ ನಕ್ಷೆಗಾರ

ಎನುಗುವಿನ ಭೂಮಾಪನ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುತ್ತಿದ್ದವನು ಒಕ್ವುದಿಲಿ. ನನ್ನ ಗೆರೆ ಕಂಡರೆ ಸಾಹೇಬರು, “ಇದು ರಸ್ತೆಯೋ, ಎರೆಹುಳವೋ?” ಎನ್ನುತ್ತಿದ್ದರು. ಅವನ ಗೆರೆಯನ್ನು ಬೆರಳಿಂದ ಸವರುತ್ತಿದ್ದರು. ಅಂಥವನೂ ಒಮ್ಮೆ ಗೆರೆ ಎಳೆಯದೆ ಪೆನ್ನು ಕೆಳಗಿಟ್ಟ, ನಮ್ಮ ರಾಜ್ಯವನ್ನು ಇಬ್ಭಾಗ ಮಾಡಿದ್ದೇವೆಂದು ರೇಡಿಯೋ ಸಾರಿದ ವಾರ.

ರಾಜ್ಯಗಳು ಸೇರಿ ಆದ ನಮ್ಮ ಒಕ್ಕೂಟ ದೇಶದ ಚಂದವೇ ಅದು. ನೀವು ಎಲ್ಲೇ ದುಡಿಯಿರಿ, ನಿಮ್ಮಜ್ಜನ ಊರು ಯಾವ ರಾಜ್ಯಕ್ಕೆ ಬಿತ್ತೋ ಅದೇ ನಿಮ್ಮ ಅನ್ನದಾತ. ಗಡಿಯಾಚೆಗೆ ಬಿದ್ದ ಊರಿನ ನೌಕರರೆಲ್ಲ ಹೊಸ ರಾಜ್ಯದ ರಾಜಧಾನಿ ಆವ್ಕಾಗೆ ಗಂಟುಮೂಟೆ ಕಟ್ಟಬೇಕು. ನಾನು ಉಳಿದದ್ದು ಪ್ರತಿಭೆಯಿಂದಲ್ಲ, ನಮ್ಮಜ್ಜ ಗುಡಿಸಲು ಹಾಕಿದ ಜಾಗದಿಂದ.

ಒಕ್ವುದಿಲಿಯ ಊರು ಎರಡು ಹೊಳೆಗಳ ನಡುವೆ, ಮೂಡಕ್ಕೆ ಎನುಗು, ಪಡುವಕ್ಕೆ ಆವ್ಕಾ. ಆದೇಶದಲ್ಲಿದ್ದದ್ದು ‘ಹೊಳೆಯೇ ಗಡಿ’ ಎಂದಷ್ಟೇ. ಯಾವ ಹೊಳೆ? “ನಿನ್ನೂರಪ್ಪ, ನೀನೇ ನೋಡಿ ಎಳಿ,” ಎಂದು ಸಾಹೇಬರು ಜಾರಿಕೊಂಡರು. ಪಡುವಣ ಹೊಳೆ ಹಿಡಿದರೆ ಕೆಲಸ, ಮನೆ, ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ನ್ಕೆಮ್, ಎಲ್ಲ ಒಂದೇ ಕಡೆ. ಮೂಡಣದ್ದು ಹಿಡಿದರೆ ಅವನೊಬ್ಬ ಆಚೆ.

ಗೇಟಿನ ಬಳಿ ಬೂಟು ಹೊಲಿಯುತ್ತ ಎಲ್ಲರನ್ನೂ ‘ಓಗಾ’, ಅಂದರೆ ಧಣಿ, ಎನ್ನುತ್ತಿದ್ದ ಘಾನಾದ ಬೋಟೆಂಗ್‌ಗೆ ನಮ್ಮ ಪೇಚಾಟ ಕಂಡು ನಗು. “ನಮ್ಮಲ್ಲಿ ಇದೆಲ್ಲ ಇಲ್ಲ ಓಗಾ. ಎಲ್ಲ ರಾಜಧಾನಿ ಅಕ್ರಾದ ಅಪ್ಪಣೆ. ನಿಮ್ಮಜ್ಜನ ಊರು ಯಾವುದು ಅಂತ ಯಾರೂ ಕೇಳಲ್ಲ.”

“ಹಂಗಾದ್ರೆ ನೀವೇ ಆರಾಮ,” ಎಂದ ಒಕ್ವುದಿಲಿ.

“ಎಲ್ಲಿಯ ಆರಾಮ! ನಮ್ಮಣ್ಣ ಮೇಷ್ಟ್ರು. ಕಡಲ ದಂಡೆಯವನನ್ನ ಅಕ್ರಾದವರು ಉತ್ತರದ ತುದಿಗೆ ಎಸೆದರು. ಹಸಿ ಮೀನಿನ ಮುಖ ಕಾಣದೆ ಸೊರಗ್ತಿದಾನೆ.”

ಅಲ್ಲಿ ರಾಜಧಾನಿ ದೂಡುತ್ತದೆ, ಇಲ್ಲಿ ಊರು ಎಳೆಯುತ್ತದೆ. ಯಾವುದು ಮೇಲು ಎಂದು ನಾನು ಗಂಭೀರವಾಗಿ ಕೇಳಿದೆ. “ಮೊದಲು ನಿಮ್ಮ ಬೂಟಿನ ಅಟ್ಟೆ ನೋಡ್ಕೊಳ್ಳಿ,” ಎಂದ ಬೋಟೆಂಗ್.

ಮರುದಿನ ಊರಿನಿಂದ ಒಕ್ವುದಿಲಿಯ ದೊಡ್ಡಪ್ಪ, ನಮ್ಮಲ್ಲಿ ಮಾತಿಗೆ ಮುಂಚೆ ಹಂಚಿ ತಿನ್ನುವ ಕೋಲಾ ಕಾಯಿ ಹಿಡಿದು ಬಂದರು. ಪಡುವಣ ಹೊಳೆ ಹಿಡಿ ಎನ್ನಲು ಬಂದಿದ್ದಾರೆ ಎಂದುಕೊಂಡೆವು.

“ಮಗಾ, ಮೂಡಣ ಹೊಳೆಗೇ ಎಳಿ. ಆವ್ಕಾ ನಮಗೆ ಕೂಗಳತೆ.”

“ನನ್ನ ಗತಿ, ದೊಡ್ಡಪ್ಪ?”

“ನಿನ್ನೊಬ್ಬನ ಕುರ್ಚಿಗೋಸ್ಕರ ಊರಿನ ಬಸುರಿಯರೆಲ್ಲ ಎನುಗುವಿನ ಆಸ್ಪತ್ರೆವರೆಗೆ ಬಸ್ಸಲ್ಲಿ ಕುಲುಕಾಡಬೇಕಾ?”

ಒಕ್ವುದಿಲಿ ಕೋಲಾ ಕಾಯಿಯನ್ನು ಬಾಯಲ್ಲಿಟ್ಟು ಅದರ ಕಹಿಯನ್ನು ಬಹಳ ಹೊತ್ತು ಅಗಿದ. ಆಮೇಲೆ ಮೂಡಣ ಹೊಳೆಯ ಗುಂಟ ಒಂದೇ ಉಸಿರಿಗೆ ಗೆರೆ ಎಳೆದ. ಅಷ್ಟು ಚಂದದ ಗೆರೆಯನ್ನು ನಾನು ಇಂದಿಗೂ ಎಳೆದಿಲ್ಲ.

ಒಕ್ವುದಿಲಿ ಹತ್ತಿದ ಆವ್ಕಾದ ಬಸ್ಸು ಹೊರಟಾಗ ಕಿಟಕಿಯ ಹೊರಗೆ ನಿಂತಿದ್ದ ನ್ಕೆಮ್ ಅಳಲಿಲ್ಲ.

“ಗೆರೆ ಎಳೆದವನು ನೀನು. ಶನಿವಾರ ಶನಿವಾರ ದಾಟಿ ಬರೋದೂ ನೀನೇ.”