ಟಿಡ್ವೆಲ್ ಬೈಯುವ ಕೋಚ್
ನಮ್ಮ ಅಲಬಾಮಾದ ಊರಲ್ಲಿ, ಕ್ಷೌರಿಕ ಓಡೆಲ್‌ನ ಅಂಗಡಿಯಲ್ಲಿ ಕೂದಲಿಗಿಂತ ಹೆಚ್ಚು ಉದುರುವುದು ಬೋಳುತಲೆಯ ಹಾರ್ಲನ್ ಟಿಡ್ವೆಲ್‌ನ ಮಾತು. ಅದೂ ಬರೀ ಕಾಲೇಜು ಫುಟ್‌ಬಾಲು. “ನಮ್ಮ ದಕ್ಷಿಣದ ಕಾಲೇಜುಗಳ ಲೀಗಲ್ಲಿ ಕೊನೇಲಿರೋ ತಂಡಾನೂ ಆ ಉತ್ತರದವರ ಚಾಂಪಿಯನ್ನನ್ನ ಚಚ್ಚಿ ಬಿಸಾಕತ್ತೆ ಕಣ್ರೋ!” ಆ ಕೊನೆಯ ತಂಡ ನಮ್ಮದೇ ಎಂದು ಓಡೆಲ್ ನೆನಪಿಸಿದರೆ, ಸಿಟ್ಟೆಲ್ಲ ಹಳೆಯ ಕೋಚ್ ಪರ್ವಿಸ್ ಮೇಲೆ: “ಆ ಪುಣ್ಯಾತ್ಮ ನಮ್ಮನ್ನ ಮುಳುಗಿಸಿಟ್ಟು ಹೋದ!” ತಂಡ ಸೋತಾಗಲೆಲ್ಲ, ಊರು ಬಿಟ್ಟು ತೊಲಗು ಎನ್ನುವಂತೆ, ಕೋಚ್ ಮನೆಯಂಗಳದಲ್ಲಿ ‘ಮಾರಾಟಕ್ಕಿದೆ’ ಎಂಬ ಫಲಕ ನೆಟ್ಟು ಬರುತ್ತಿದ್ದವನು ಇವನೇ. ಕೋಚ್ ಕೆಲಸ ಹೋಗಿ ಆ ಮನೆ ನಿಜಕ್ಕೂ ಮಾರಾಟಕ್ಕೆ ಬಂದಾಗ ಕೊಂಡವನೂ ಇವನೇ. ಮನೆಮುಂದಿನ ಅಂಚೆಪೆಟ್ಟಿಗೆಯ ಮೇಲೆ ಇನ್ನೂ ‘ಕೋಚ್ ಪರ್ವಿಸ್’ ಎಂದೇ ಇದೆ. ಕೇಳಿದರೆ, “ಅಳಿಸೋಕೆ ಪುರುಸೊತ್ತೆಲ್ಲಿದೆ ಕಣಯ್ಯಾ?” ಎನ್ನುತ್ತಾನೆ. ಆದರೆ ಪ್ರತಿ ವರ್ಷ ಆಟ ಶುರುವಾಗುವ ಮುಂಚೆ, ಮಾಸಿದ ಆ ಅಕ್ಷರಗಳಿಗೆ ತಾನೇ ಕೂತು ಹೊಸ ಬಣ್ಣ ಹಚ್ಚುತ್ತಾನೆ.