ಬೀಜದ ಜೋಳಕ್ಕೆ ಯಂತ್ರ ಹೂಡಿದ್ದು

ನಾನೂರ ಹತ್ತು ರೂಪಾಯಿ ಕೊಟ್ಟೆ. ನಾನೂರು ಯಂತ್ರಕ್ಕೆ, ಹತ್ತು ಗೋಡೆಗೆ. ಪತ್ತಿಕೊಂಡದ ಕಡೆಯ ಜಮೀನ್ದಾರರೊಬ್ಬರು ಆ ಒಕ್ಕಣೆ ಯಂತ್ರವನ್ನು ತರಿಸಿ ಹಿತ್ತಲಲ್ಲಿ ನಿಲ್ಲಿಸಿ, ಆಮೇಲೆ ಸುತ್ತ ಗೋಡೆ ಕಟ್ಟಿಸಿದ್ದರು. ಹೊರಗೆ ತರಬೇಕಾದರೆ ಗೋಡೆ ಒಡೆಯಬೇಕು. ಅವರು ಮೊದಲು ಹೇಳಿದ ಬೆಲೆ ಒಂಬೈನೂರು. ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ, ಎಂಜಿನ್ನಿಲ್ಲದ ಯಂತ್ರ ಯಾರಿಗೆ ಬೇಕು ಎಂದು ಅರ್ಧಕ್ಕೆ ಇಳಿಸಿದೆ. ಗಾಳಿ ಬೀಸುವ ಪೆಟ್ಟಿಗೆಯೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಅದನ್ನು ತೋರಿಸಿ ಇನ್ನೂ ಐವತ್ತು ಇಳಿಸಿದೆ. ಮೊಟ್ಟೆಗಳನ್ನು ಅವರೇ ಇಟ್ಟುಕೊಂಡರು.

ಆಗ ನಾನು ಆದೋನಿಯಲ್ಲಿ ಗೋಣಿಚೀಲ, ಹಗ್ಗ ಮಾರುತ್ತಿದ್ದೆ. ನಮ್ಮ ಕಡೆ ಕಣದಲ್ಲಿ ತೆನೆ ಹರವಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸಿ, ಗಾಳಿ ಬಂದಾಗ ತೂರಿ ಜೋಳ ಮಾಡುತ್ತಿದ್ದರು. ಗಾಳಿ ಬರದಿದ್ದರೆ ಕೂತು ಕಾಯುತ್ತಿದ್ದರು. ಈ ಯಂತ್ರ ಕಾಯುವುದಿಲ್ಲ. ಒಳಗೆ ಕಬ್ಬಿಣದ ಹಲ್ಲಿನ ಡ್ರಮ್ಮು ತಿರುಗುತ್ತದೆ, ಅದರ ಕೆಳಗೆ ಬಾಗಿದ ಕಬ್ಬಿಣದ ಕಂಬಿಗಳ ಜಾಲಿ. ಎರಡರ ನಡುವೆ ತೆನೆ ಸಿಕ್ಕು ಕಾಳು ಬಿಡುತ್ತದೆ. ಫ್ಯಾನು ಹೊಟ್ಟು ಹಾರಿಸುತ್ತದೆ, ಜರಡಿ ಕಸ ತಡೆಯುತ್ತದೆ. ಹತ್ತಿ ಗಿರಣಿಯವರೊಬ್ಬರಿಂದ ಎಂಜಿನ್ನು ಬಾಡಿಗೆಗೆ ಹಿಡಿದು, ಗಾಡಿಯ ಮೇಲೆ ಹೇರಿಕೊಂಡು ಗಿರಾಕಿ ಹುಡುಕುತ್ತ ಹೊರಟೆ.

ಮೊದಲು ಒಪ್ಪಿದವಳು ಪೆದ್ದಕಡುಬೂರಿನ ಒಬ್ಬ ಅಜ್ಜಿ. ಗಂಡ ಹೋದ ಮೇಲೆ ಹೊಲವನ್ನೆಲ್ಲ ತಾನೇ ನೋಡಿಕೊಂಡವಳು. ಆಕೆಯ ಬಿಳಿಜೋಳವನ್ನು ಆಸ್ಪರಿಯವರೆಗಿನ ರೈತರು ಬೀಜಕ್ಕೆಂದು ಒಯ್ಯುತ್ತಿದ್ದರು. ಆಳು ಸಿಗದ ವರ್ಷವಾದ್ದರಿಂದ ನನ್ನನ್ನು ಕರೆಸಿದ್ದಳು.

"ಗುಂಡು ತುಳಿದ ಕಾಳು ಹೆಂಗಿರ್ತೈತೋ ಹಂಗ ಇರಬೇಕು, ತಮ್ಮಾ. ಒಡಕ ಬೀಜ ಕೊಟ್ಟು ಮಂದಿ ಹೊಲ ಬೋಳ ಮಾಡಿದಾಕಿ ಅನಿಸಿಕೊಳ್ಳಾಕ ನಾ ತಯಾರಿಲ್ಲ."

"ಅವ್ವಾ, ತೆನಿಗೇ ಗೊತ್ತಾಗದಂಗ ಕಾಳು ಬಿಡಸ್ತೈತ್ರಿ ಇದು."

"ತೆನಿಗೆ ಗೊತ್ತಾಗದಿದ್ರ ನಡೀತೈತಿ. ನನಗ ಗೊತ್ತಾಗಬೇಕು."

ಮರುದಿನ ಕಣಕ್ಕೆ ಪೂಜೆ ಮಾಡಿ, ರಾಶಿ ಬೀಳುವ ಜಾಗದ ಸುತ್ತ ಬೂದಿಯ ಗೆರೆ ಎಳೆದರು. ಆ ಗೆರೆಯೊಳಗೆ ರಾಶಿ ಬೆಳೆಯುವಾಗ ಯಾರೂ ಮಾತಾಡುವಂತಿಲ್ಲ. ಮಾತಾಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ನನಗೆ ಈ ಪದ್ಧತಿ ಬಹಳ ಹಿಡಿಸಿತು. ಬಾಡಿಗೆಗೆ ಯಂತ್ರ ಓಡಿಸುವವನಿಗೆ ಮಾತಾಡದ ಗಿರಾಕಿಗಿಂತ ಒಳ್ಳೆಯ ಗಿರಾಕಿ ಇಲ್ಲ.

ಎಂಜಿನ್ನು ಕುಡಿಯುವ ಸೀಮೆಎಣ್ಣೆ ನನ್ನದು. ಬೇಗ ಮುಗಿದಷ್ಟೂ ನನಗೆ ಉಳಿತಾಯ. ಕಾಳು ಬೀಳುವ ಬಾಯಿಯ ಬಳಿ ನಿಂತಿದ್ದ ಆಳು ಒಂದು ಹಿಡಿ ಎತ್ತಿ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಆಕಾಶ ನೋಡಿದ. ಮೆಚ್ಚಿಕೊಂಡಿದ್ದಾನೆ ಎಂದು ಎಂಜಿನ್ನಿನ ವೇಗವನ್ನು ಇನ್ನಷ್ಟು ಏರಿಸಿದೆ.

ಮಧ್ಯಾಹ್ನ ಅಜ್ಜಿ ಬಂದಳು. ರಾಶಿಯಿಂದ ಸೆರಗಿಗೆ ಸ್ವಲ್ಪ ಕಾಳು ಹಾಕಿಕೊಂಡು ಸುಮ್ಮನೆ ಗೆರೆ ದಾಟಿದಳು. ಅಲ್ಲಿಂದ ಕೈಬೀಸಿ ನನ್ನನ್ನು ಕರೆದಳು. ಎಂಜಿನ್ನು ನಿಲ್ಲಿಸಿ ಹೋದೆ. ಸೆರಗಿನಲ್ಲಿ ಅರ್ಧಕ್ಕರ್ಧ ಒಡೆದ ಕಾಳು. ಆಳೂ ಓಡಿಬಂದು ಗೆರೆ ದಾಟಿದ. ಬಾಯಿ ಬಿಡಲು ಕಾಯುತ್ತಿದ್ದವನ ಹಾಗೆ.

"ಮುಂಜಾನಿಂದ ನೋಡಾಕತ್ತೀನ್ರೀ, ಬರೀ ನುಚ್ಚು ಬೀಳಾಕತ್ತೈತಿ."

"ಹಂಗಾದ್ರ ಯಾಕ ಹೇಳಲಿಲ್ಲೋ?" ಎಂದೆ.

"ರಾಶಿ ಮುಂದ ಹೆಂಗ ಮಾತಾಡ್ಲಿರಿ? ಲಕ್ಷ್ಮಿ ಎದ್ದು ಹೋಕ್ಕಾಳ."

"ಎಲ್ಲಿ ಹೋಕ್ಕಾಳ," ಎಂದಳು ಅಜ್ಜಿ. "ಈ ಸಾವ್ಕಾರನ ಯಂತ್ರದಾಗ ಸಿಕ್ಕು ಆಕಿನೂ ನುಚ್ಚಾಗ್ಯಾಳ."

ನಾನು ಯಂತ್ರದ ಮುಚ್ಚಳ ತೆಗೆದೆ. ಡ್ರಮ್ಮಿಗೂ ಜಾಲಿಗೂ ನಡುವೆ ಒಂದು ಕಾಳು ಉರುಳುವಷ್ಟೂ ಸಂದಿ ಇರಲಿಲ್ಲ. ಕೊಳ್ಳುವಾಗ ಕೋಳಿ ಮೊಟ್ಟೆಯನ್ನು ನೋಡಿದ ಕಣ್ಣು ಇದನ್ನು ನೋಡಿರಲಿಲ್ಲ. ಬೋಲ್ಟು ಸಡಿಲಿಸಿ ಜಾಲಿಯನ್ನು ಕೆಳಗಿಳಿಸಿದೆ. ಎಂಜಿನ್ನಿನ ದೊಡ್ಡ ರಾಟೆ ತೆಗೆದು, ಜೊತೆಗಿದ್ದ ಸಣ್ಣದನ್ನು ಹಾಕಿದೆ. ಡ್ರಮ್ಮು ನಿಧಾನವಾಗಿ ತಿರುಗಲಿ ಎಂದು. ಬೆಲ್ಟು ಜೋತುಬಿತ್ತು, ಗಾಡಿಯನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದೆ. ಒಂದು ಬುಟ್ಟಿ ತೆನೆ ಹಾಕಿದಾಗ ಕಾಳು ಇಡಿಯಾಗಿ ಬಿತ್ತು.

"ಈಗ ನೋಡ್ರಿ ಅವ್ವಾ."

"ಕಣ್ಣಿಗೆ ಚಲೋ ಅದಾವ. ಮಣ್ಣಿಗೆ ಹೆಂಗೋ ಯಾರಿಗ್ಗೊತ್ತು? ಒಳಗ ಬಿರುಕು ಬಿಟ್ಟಿದ್ರ?"

ಹೊಸ ಕಾಳನ್ನು ಒಂದು ಒದ್ದೆ ಬಟ್ಟೆಯಲ್ಲಿ, ಮುಂಜಾನೆಯ ರಾಶಿಯಲ್ಲಿ ಇಡಿಯಾಗಿ ಕಂಡವನ್ನು ಇನ್ನೊಂದರಲ್ಲಿ ಕಟ್ಟಿ ಗಡಿಗೆಯೊಳಗೆ ಇಟ್ಟಳು. ಮೊಳಕೆ ಬರುವವರೆಗೆ ಒಕ್ಕಣೆ ಇಲ್ಲ. ನಾನು ಹೊರಟುಬಿಡಬಾರದೆಂದು ಬೆಲ್ಟನ್ನು ಸುರುಳಿ ಸುತ್ತಿ ಮನೆಯೊಳಗೆ ಇಟ್ಟುಕೊಂಡಳು. ಊಟಕ್ಕೆ ಮಾತ್ರ ಕಡಿಮೆ ಮಾಡಲಿಲ್ಲ.

ಬೇರೆ ಕೆಲಸವಿಲ್ಲದೆ ಯಂತ್ರ ಬಿಚ್ಚಿದೆ. ಬೇರಿಂಗಿನ ಸುತ್ತ ಹೊಟ್ಟು ಮೆತ್ತಿ ಗಟ್ಟಿಯಾಗಿತ್ತು. ಕೆರೆದು ಗ್ರೀಸು ತುಂಬಿದೆ. ಜರಡಿಯ ಕಣ್ಣುಗಳಲ್ಲಿ ಸಿಕ್ಕಿದ ಕಡ್ಡಿಗಳನ್ನು ಒಂದೊಂದಾಗಿ ಕಿತ್ತೆ. ಸವೆದ ಹಲ್ಲೊಂದು ಸಿಕ್ಕಿತು, ಕಮ್ಮಾರನಿಂದ ಬಡಿಸಿ ತಂದೆ. ಬರೀ ಬಾಡಿಗೆಯ ಆಸೆಯಲ್ಲಿ ಓಡಿಸಿದ್ದರೆ ಆ ಬೇರಿಂಗು ಮುಂದಿನ ಊರಿನಲ್ಲೇ ಸುಟ್ಟುಹೋಗುತ್ತಿತ್ತು.

ಕೊನೆಗೆ ಅಜ್ಜಿ ಕಣದ ಹೊರಗೆ ಕೂತು ಗಂಟು ಬಿಚ್ಚಿದಳು. ಮುಂಜಾನೆಯ ಕಾಳಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ, ಉಳಿದದ್ದು ಬರೀ ಲೋಳೆ. ಹೊಸ ಕಾಳು ಬಟ್ಟೆಗೇ ಬೇರು ಬಿಟ್ಟಿತ್ತು.

"ಸರೆ," ಎಂದಳು. "ಉಳಿದ ತೆನಿ ಹಾಕು. ಬೀಜಕ್ಕೆ ಸಾಲ್ತೈತಿ. ಆ ನುಚ್ಚಿನ ರಾಶಿ ನಿನ್ನ ಬಾಡಿಗಿ."

"ತುಂಬಾಕ ಚೀಲನಾದ್ರೂ ಕೊಡ್ರಿ ಅವ್ವಾ."

"ಚೀಲ ಮಾರಾವ ನೀನ."

ನುಚ್ಚನ್ನು ಆದೋನಿಯಲ್ಲಿ ಮಾರಿದೆ. ನುಚ್ಚೆಂದೇ ಹೇಳಿ ಮಾರಿದೆ, ಬೆಲೆ ಮಾತ್ರ ಸ್ವಲ್ಪ ಮೇಲೆ ಹೇಳಿದೆ. ಆಕೆಯ ಬೀಜಕ್ಕೆ ಆ ವರ್ಷವೂ ಆಸ್ಪರಿಯಿಂದ ಬಂಡಿಗಳು ಬಂದವು.

ಈಗ ಕೊಯ್ಯುವುದು, ಒಕ್ಕುವುದು, ತೂರುವುದು ಎಲ್ಲವನ್ನೂ ಹೊಲದಲ್ಲಿ ಓಡಾಡುತ್ತಲೇ ಮಾಡುವ ದೊಡ್ಡ ಯಂತ್ರಗಳು ಬಂದಿವೆ. ಬಣ್ಣಕ್ಕೆ ಮರುಳಾಗಬೇಡಿ. ಅದರ ಹೊಟ್ಟೆಯಲ್ಲೂ ಡ್ರಮ್ಮು, ಜಾಲಿ, ಫ್ಯಾನು, ಜರಡಿಯೇ ಇರುವುದು. ಕಾಳು ಒಡೆದರೆ ಮೊದಲು ಡ್ರಮ್ಮಿನ ವೇಗ ಇಳಿಸಿ, ಆಮೇಲೆ ಸಂದಿ ಅಗಲಿಸಿ. ನನ್ನ ಹಾಗೆ ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ತೆನೆಯಲ್ಲೇ ಕಾಳು ಉಳಿದರೆ ಸಂದಿ ಹೆಚ್ಚಾಗಿದೆ ಎಂದರ್ಥ. ಹೊಟ್ಟಿನ ಜೊತೆ ಕಾಳು ಹಾರಿದರೆ ಗಾಳಿ ತಗ್ಗಿಸಿ. ಸುಗ್ಗಿ ಮುಗಿದ ಮೇಲೆ ಒಳಗೆ ಒಂದು ಕಾಳೂ ಬಿಡಬೇಡಿ, ಇಲಿ ಕಾಳಿಗೆ ಬಂದು ಬೆಲ್ಟು ತಿಂದುಹೋಗುತ್ತದೆ. ಮೊದಲ ಚೀಲ ತುಂಬುವಾಗ ಎಂಜಿನ್ನು ಆರಿಸಿ, ಕೆಲಸದವರನ್ನು ದೂರ ಕರೆದು, ಏನು ಕಂಡಿರಿ ಎಂದು ಕೇಳಿ. ಸದ್ದಿನಲ್ಲಿ ಕೇಳಿದರೆ ತಲೆ ಆಡಿಸುತ್ತಾರೆ. ಅದು ಹೌದೋ ಅಲ್ಲವೋ ಎಂದು ನೀವೇ ತೀರ್ಮಾನಿಸಿಬಿಟ್ಟರೆ ನಷ್ಟ ನಿಮ್ಮದೇ.