ಜ್ವರದ ಜೋಡಿ ಶಬ್ದ ಕಲಿಸಿದಾಕೆ

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಆಕೆ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದಳು. ನನಗೆ ಸಹಿ ಮಾಡಲು ಬಂದರೆ ಅದೇ ಹೆಚ್ಚು. ಆದರೂ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದೆ. ಹಲಗೆಯ ಮೇಲೆ ಎರಡು ಶಬ್ದ ಬರೆದು, ನಡುವೆ ಗೆರೆ ಎಳೆದು, ಬೆರಳಿನ ಗೆಣ್ಣಿನಿಂದ ಕುಟ್ಟುತ್ತಿದ್ದಳು.

"ಒಂಟಿ ಶಬ್ದ ಕಲೀಬ್ಯಾಡ್ರಿ, ಜೋಡಿ ಕಲೀರಿ." ಹೈ ಫೀವರ್, ಮೈಲ್ಡ್ ಫೀವರ್, ಕ್ರಿಕೆಟ್ ಫೀವರ್, ಎಲೆಕ್ಷನ್ ಫೀವರ್.

"ಓಟಿಗೂ ಜ್ವರಾನ ಏನವಾ?" ಎಂದೆ.

"ಮಂದಿ ಹುಚ್ಚೆದ್ದು ಕುಣಿದ್ರ ಇಂಗ್ಲಿಷಿನ್ಯಾಗ ಅದೂ ಜ್ವರಾನ ರೀ ಆಯಿ," ಎಂದು ನಕ್ಕಳು.

ಹೋದ ಮಳೆಗಾಲದಲ್ಲಿ ಆಕೆಗೇ ಜ್ವರ ಬಂತು. ನಾಲ್ಕನೆಯ ದಿನ ತೋಳಿನ ಮೇಲೆ ಕೆಂಪು ಚುಕ್ಕೆ ಎದ್ದವು.

"ಡೆಂಗಿ ಇರಬಹುದ್ರಿ ಆಯಿ, ರಕ್ತ ತೋರಿಸಿ ಬರತೇನಿ," ಎಂದು ಚಪ್ಪಲಿ ಮೆಟ್ಟಿದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಮೈಮ್ಯಾಲ ಅಮ್ಮ ಎದ್ದಾಳ. ಈಗ ಸೂಜಿ ಚುಚ್ಚಿಸಿದ್ರ ಸಿಟ್ಟಾಗ್ತಾಳ. ಸುಮ್ನ ಮಲ್ಕೋ."

ಬಾಗಿಲಿಗೆ ಬೇವು ಕಟ್ಟಿದೆ. ಟ್ಯೂಷನ್ ಮಕ್ಕಳನ್ನು ಹೊರಗಿನಿಂದಲೇ ಕಳಿಸಿದೆ. ಎದುರಾಡುವ ತ್ರಾಣ ಆಕೆಗಿರಲಿಲ್ಲ, ಮಲಗಿದಳು.

ಎರಡು ದಿನ ಕಳೆದ ಮೇಲೆ ಮೂಗಿನಿಂದ ರಕ್ತ ಬಂತು. ಆಗ ಆಟೋ ಕರೆಸಿದೆ. "ಮೊದಲ ಯಾಕ ಕರ್ಕೊಂಡು ಬರಲಿಲ್ಲ?" ಎಂದು ಡಾಕ್ಟರು ಕೇಳಿದರು. ಮರುದಿನ ಮುಂಜಾನೆ ಆಕೆ ಸತ್ತಳು.

ರಾಮದುರ್ಗದಿಂದ ಬಂದ ಆಕೆಯ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಕಡೀತನಕ ನೀವ ನೋಡ್ಕೊಂಡ್ರಿ. ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ?"

ಕೈ ಬಿಡಿಸಿಕೊಳ್ಳಲಿಲ್ಲ. ಹೂಂ ಎಂದೆ.